ಶಾಹೀನಳನ್ನು ಹುಡುಕಿ ರೀಗಾಕ್ಕೆ

ಬೈಲಹೊಂಗಲ

ನಮ್ಮ ಸ್ಟಾಫ್ ರೂಮಿನಲ್ಲಿ ವಿದೇಶ ಕಂಡವನು ನಾನೊಬ್ಬನೇ. ಹೋಗಿ ಬಂದದ್ದನ್ನು ಬರೆಯಿರಿ ಎಂದು ಎಲ್ಲರೂ ಗಂಟುಬಿದ್ದರು. ಒಂದು ವರ್ಷ ಜಾರಿಕೊಂಡೆ. ನಾನು ಲಾಟ್ವಿಯಾ ದೇಶದ ರೀಗಾಕ್ಕೆ ಊರು ನೋಡಲು ಹೋದವನಲ್ಲ. ಕಂಡದ್ದೂ ಕಡಿಮೆ. ಇದ್ದ ಒಂಬತ್ತು ದಿನದಲ್ಲಿ ಸೂರ್ಯ ಒಮ್ಮೆ, ಅದೂ ಮಧ್ಯಾಹ್ನ ಅರ್ಧ ತಾಸು ಕಾಣಿಸಿದ್ದ.

ಬೈಲಹೊಂಗಲದ ಡಿಗ್ರಿ ಕಾಲೇಜೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಫಿಸಿಕ್ಸ್ ಕಲಿಸುತ್ತಿದ್ದೇನೆ. ಅದಕ್ಕೂ ಮೊದಲು ಮೂರು ವರ್ಷ ರಾಮದುರ್ಗದಲ್ಲಿದ್ದೆ. ಫಿಸಿಕ್ಸ್ ನಾನು ಆರಿಸಿಕೊಂಡ ವಿಷಯ. ಖಾಲಿ ಹುದ್ದೆಗಳು ತುಂಬದೆ ಉಳಿದಾಗ ಕಂಪ್ಯೂಟರ್ ಪ್ರೋಗ್ರಾಮಿಂಗ್ ಮತ್ತು ಕಮ್ಯುನಿಕೇಶನ್ ಸ್ಕಿಲ್ಸ್ ಎಂಬ ಇನ್ನೆರಡು ವಿಷಯಗಳು ನನ್ನ ಕೊರಳಿಗೆ ಬಿದ್ದವು. ಲ್ಯಾಬಿನ ಕಂಪ್ಯೂಟರುಗಳಲ್ಲಿ ಹೆಚ್ಚಿನವು ಏಳುತ್ತಿರಲಿಲ್ಲ. ಪ್ರೋಗ್ರಾಮುಗಳನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದೆ, ಮಕ್ಕಳು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದರು. ಕಮ್ಯುನಿಕೇಶನ್ ಸ್ಕಿಲ್ಸ್ ಪೀರಿಯಡ್ಡಿನಲ್ಲಿ ಫಿಸಿಕ್ಸಿನ ಉಳಿದ ಪೋರ್ಶನ್ ಮುಗಿಸುತ್ತಿದ್ದೆ. ಕೊನೆಗೆ ಎಲ್ಲರಿಗೂ ಇಪ್ಪತ್ತಕ್ಕೆ ಹತ್ತೊಂಬತ್ತು. ಯಾರ ಮನಸ್ಸೂ ನೋಯುತ್ತಿರಲಿಲ್ಲ.

ಶಾಹೀನ್ ಸವದತ್ತಿಯ ಹುಡುಗಿ. ಸೋದರತ್ತೆಯ ಮನೆಯಲ್ಲಿದ್ದು ನಮ್ಮಲ್ಲಿ ಬಿ.ಎಸ್ಸಿ. ಮಾಡಿದಳು. ಒಮ್ಮೆ ನಾನು ಬೋರ್ಡಿನ ತುಂಬ ಸಮೀಕರಣ ಬಿಡಿಸಿ ಮುಗಿಸಿದಾಗ ಕೊನೆಯ ಬೆಂಚಿನಿಂದ ಎದ್ದು, ಮೂರನೆಯ ಸಾಲಿನಲ್ಲಿ ಒಂದು ಚಿಹ್ನೆ ತಪ್ಪಿದೆ ಎಂದು ಸಣ್ಣ ದನಿಯಲ್ಲಿ ಹೇಳಿದಳು. ತಪ್ಪಿತ್ತು. ಅಂಥ ವಿದ್ಯಾರ್ಥಿನಿ ನನಗೆ ಅದಕ್ಕೂ ಮೊದಲು ಸಿಕ್ಕಿರಲಿಲ್ಲ. ಎಂ.ಎಸ್ಸಿ.ಗೆ ರೀಗಾದ ಒಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುತ್ತೇನೆ ಎಂದಾಗ ಶಿಫಾರಸು ಪತ್ರ ಬರೆದವನು ನಾನೇ. ಮನೆಯವರಿಗೆ ಇ–ಮೇಲ್ ಇಲ್ಲವೆಂದು ತುರ್ತು ಸಂಪರ್ಕದ ಕಡೆ ನನ್ನ ಹೆಸರು, ವಿಳಾಸ ಹಾಕಿದ್ದಳು.

ಅವಳು ಹೋಗಿ ಒಂದು ವರ್ಷವಾದ ಮೇಲೆ ಆ ವಿಳಾಸಕ್ಕೆ ವಿಶ್ವವಿದ್ಯಾಲಯದಿಂದ ಪತ್ರ ಬಂತು. ವಿದ್ಯಾರ್ಥಿನಿ ಮಾರ್ಚ್‌ನಿಂದ ತರಗತಿಗೆ ಬಂದಿಲ್ಲ, ನಮ್ಮ ಪತ್ರಗಳಿಗೆ ಉತ್ತರಿಸಿಲ್ಲ, ವಾಸದ ಪರವಾನಗಿ ಮುಂದುವರಿಯುವುದು ಕಷ್ಟ, ದಯವಿಟ್ಟು ಅವಳಿಗೆ ತಿಳಿಸಿ ಎಂದಿತ್ತು. ಎಂಟು ದಿನ ಯಾರಿಗೂ ಹೇಳಲಿಲ್ಲ. ಅವಳಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಒಂಬತ್ತನೆಯ ದಿನ ಯರಗಟ್ಟಿಗೆ ಹೋದೆ. ಅವಳ ತಂದೆ ರಾಜೇಸಾಬ ಅಲ್ಲಿಯ ಪೇಟೆಯಲ್ಲಿ ಟೆಂಪೋಕ್ಕೆ ಗೋವಿನಜೋಳದ ಚೀಲ ಹೇರಿಸುತ್ತಿದ್ದರು.

ಅವರು ಪೂರ್ತಿ ಕೇಳಿಸಿಕೊಂಡು, ಫೋನ್ ತೆಗೆದು ಹಿಂದಿನ ಶುಕ್ರವಾರ ಮಗಳು ಕಳಿಸಿದ್ದ ವಾಯ್ಸ್ ಮೆಸೇಜ್ ಹಚ್ಚಿದರು. ಪರೀಕ್ಷೆ ನಡೆದಿವೆ, ಚಳಿ ಶುರುವಾಗಿದೆ, ನಾನು ಆರಾಮ ಇದ್ದೇನೆ ಎಂದು ಅವರ ಮನೆಯ ಉರ್ದುವಿನಲ್ಲಿ ಹೇಳುತ್ತಿದ್ದಳು. ದನಿ ಗೆಲುವಾಗಿಯೇ ಇತ್ತು.

"ಫೋನಿನ್ಯಾಗ ಕೇಳಿದ್ರ ಆಕಿ ಇದನ್ನ ಹೇಳತಾಳ್ರಿ," ಎಂದರು. "ಮಾರಿ ನೋಡಿ ಕೇಳಬೇಕು. ನೀವೂ ಬರ್ರಿ ಸರ. ನನಗ ಇಂಗ್ಲಿಷ್ ಬರೂದಿಲ್ಲ."

ಬರುತ್ತೇನೆ ಎಂದೆ.

ಇಸ್ತಾಂಬುಲ್

ವೀಸಾ ಕೈಗೆ ಬರುವಷ್ಟರಲ್ಲಿ ನವೆಂಬರ್ ಆಗಿತ್ತು. ಇಸ್ತಾಂಬುಲ್ ನಿಲ್ದಾಣದಲ್ಲಿ ಆರು ತಾಸು ಕಾಯಬೇಕಿತ್ತು. ನಮ್ಮ ತಾಲೂಕಿನ ಎಲ್ಲ ಬಸ್ ಸ್ಟ್ಯಾಂಡುಗಳನ್ನು ಒಂದೇ ಸೂರಿನಡಿ ತಂದಿಟ್ಟು ಅದಕ್ಕೆ ಅತ್ತರು ಸಿಂಪಡಿಸಿದಂತಿತ್ತು. ಹಾಲು ಹಾಕಿದ ಚಹಾ ಕೇಳಲು ಅಂಗಡಿಯೊಂದರ ಮುಂದೆ ನಿಂತೆ. ಎರಡು ದಶಕ ಇಂಗ್ಲಿಷಿನಲ್ಲಿ ಪಾಠ ಮಾಡಿದವನು ನಾನು. ಆ ಹುಡುಗಿಗೆ ನನ್ನ ಉಚ್ಚಾರ ತಿಳಿಯಲಿಲ್ಲ, ಅವಳದು ನನಗೆ ತಿಳಿಯಲಿಲ್ಲ. ಹಿಂದೆ ಸಾಲು ಬೆಳೆಯಿತು. ಬೆವರಿದೆ. ಕೊನೆಗೆ ಅವಳು ಒಂದು ಲೋಟ ತಣ್ಣನೆಯ ಹಾಲು ಕೊಟ್ಟಳು. ಮರುಮಾತಾಡದೆ ತೆಗೆದುಕೊಂಡು ಬಂದೆ.

ಅಷ್ಟರಲ್ಲಿ ರಾಜೇಸಾಬ ಕಾಣೆಯಾಗಿದ್ದರು. ಗಾಬರಿಯಾಗಿ ಹುಡುಕುತ್ತಿದ್ದಾಗ ನೆಲ ಒರೆಸುವ ಮುದುಕನೊಬ್ಬನ ಜೊತೆ ನಗುತ್ತ ಬಂದರು. ಕೈಕಾಲು ತೊಳೆದು ವಜೂ ಮಾಡಿ ನಮಾಜು ಮುಗಿಸಿಯಾಗಿತ್ತು. ನಾವು ಹತ್ತಬೇಕಾದ ವಿಮಾನದ ಗೇಟು ಬದಲಾಗಿದೆ ಎಂಬುದನ್ನೂ ಆ ಮುದುಕ ತೋರಿಸಿಕೊಟ್ಟಿದ್ದ. ಅವನಿಗೆ ಮೂವರು ಹೆಣ್ಣುಮಕ್ಕಳು, ಕಿರಿಯವಳ ಲಗ್ನವಾಗಬೇಕು ಎಂದು ರಾಜೇಸಾಬ ಹೇಳಿದರು. ಯಾವ ಭಾಷೆಯಲ್ಲಿ ತಿಳಿಯಿತು ಎಂದು ಕೇಳಿದೆ. ಅವರು ಕೈಯನ್ನು ನೆಲದಿಂದ ಮೂರು ಎತ್ತರಗಳಲ್ಲಿ ಹಿಡಿದು ತೋರಿಸಿದರು.

ನಾನು ತಣ್ಣನೆಯ ಹಾಲು ಕುಡಿದೆ.

ರೀಗಾ, ಮೊದಲ ದಿನ

ವಿಮಾನ ಇಳಿದಾಗ ಮಧ್ಯಾಹ್ನ ಮೂರೂವರೆ. ಹೊರಗೆ ದೀಪ ಹಚ್ಚಿದ್ದರು. ಹನಿಯೂ ಅಲ್ಲದ, ಹಿಮವೂ ಅಲ್ಲದ ಒಂದು ಒದ್ದೆ ಮುಖಕ್ಕೆ ಬಡಿಯುತ್ತಿತ್ತು. ನಮ್ಮ ಕಡೆ ಕತ್ತಲಾಗುವಾಗ ಕೋಳಿ, ಕುರಿ, ಮಕ್ಕಳು ಎಲ್ಲ ಗದ್ದಲ ಮಾಡಿ ಮನೆ ಸೇರುತ್ತವೆ. ಇಲ್ಲಿ ಕತ್ತಲು ಸದ್ದಿಲ್ಲದೆ ಬಂದು ಕುಂತುಬಿಟ್ಟಿತ್ತು.

ಟ್ರಾಮಿನಲ್ಲಿ ಜನ ತುಂಬಿದ್ದರು. ಒಬ್ಬರೂ ಮಾತಾಡಲಿಲ್ಲ. ಸವದತ್ತಿಯ ಬಸ್ಸಿನಲ್ಲಿ ಟಿಕೆಟ್ ಹರಿಯುವ ಮೊದಲೇ ಪಕ್ಕದವರು ನಿಮ್ಮ ಊರು, ಹೊಲ, ಮಗಳ ಬಾಣಂತನ ಎಲ್ಲ ಕೇಳಿರುತ್ತಾರೆ. ಇಲ್ಲಿ ನನ್ನ ಚೀಲ ಒಬ್ಬಾಕೆಯ ಕಾಲಿಗೆ ತಗುಲಿತು. ನಾನು ಕ್ಷಮೆ ಕೇಳಿದೆ. ಆಕೆ ಕಾಲು ಸರಿಸಿ ಕಿಟಕಿ ನೋಡತೊಡಗಿದಳು. ಸಿಟ್ಟಲ್ಲ, ಅವರ ರೀತಿಯೇ ಹಾಗೆ ಎಂದು ಎರಡು ದಿನದ ಮೇಲೆ ತಿಳಿಯಿತು.

ಟ್ರಾಮು ನಡೆಸುತ್ತಿದ್ದವಳು ಐವತ್ತರ ಹೆಂಗಸು. ರಾಜೇಸಾಬ ಮುಂದೆ ಹೋಗಿ ಗಾಜಿನಾಚೆಯಿಂದ ಅವಳ ಕೈಗಳನ್ನೇ ನೋಡುತ್ತ ನಿಂತರು. ಇಷ್ಟು ಗಾಡಿಗಳಿದ್ದರೂ ಒಬ್ಬರೂ ಹಾರ್ನ್ ಹೊಡೆಯುವುದಿಲ್ಲವಲ್ಲ, ಇವರಿಗೆ ಒಬ್ಬರ ಮೇಲೊಬ್ಬರಿಗೆ ಎಷ್ಟು ನಂಬಿಗೆ ಎಂದು ಬೆರಗುಪಟ್ಟರು. ಮುಂದಿನವನು ನಿಲ್ಲುತ್ತಾನೆ ಎಂದರೆ ನಿಂತೇ ನಿಲ್ಲುತ್ತಾನೆ ಎಂದರು.

ಬಾಡಿಗೆ ಕೋಣೆಯ ಒಡತಿ ಮುದುಕಿ. ಬೂಟು ಬಾಗಿಲಲ್ಲಿ ಬಿಡಲು ಸನ್ನೆ ಮಾಡಿ, ಇಬ್ಬರಿಗೂ ಉಣ್ಣೆಯ ಚಪ್ಪಲಿ ಕೊಟ್ಟು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಗಳಿಗೆ ಈಗಲೇ ಫೋನ್ ಮಾಡೋಣವೇ ಎಂದು ಕೇಳಿದೆ. ರಾಜೇಸಾಬ ಬೇಡ ಎಂದರು. ಮೊದಲು ಅವಳು ಕಲಿಯುತ್ತಿದ್ದ ಜಾಗಕ್ಕೆ ಹೋಗಬೇಕು, ಏನಾಗಿದೆಯೆಂದು ತಿಳಿದಿರಬೇಕು. ಏನೂ ತಿಳಿಯದೆ ಕೇಳಿದರೆ ಮಗಳು ಮತ್ತೊಂದು ಸುಳ್ಳು ಹೇಳಬೇಕಾಗುತ್ತದೆ, ಆ ಕಷ್ಟ ಅವಳಿಗೆ ಬೇಡ ಎಂಬುದು ಅವರ ವಿಚಾರ.

ವಿಶ್ವವಿದ್ಯಾಲಯ

ಭೌತಶಾಸ್ತ್ರ ವಿಭಾಗ ಊರ ಹೊರಗಿನ ಗಾಜಿನ ಕಟ್ಟಡದಲ್ಲಿತ್ತು. ಕಾರಿಡಾರಿನ ಉದ್ದಕ್ಕೂ ಪ್ರಯೋಗಾಲಯಗಳು. ಒಂದರಲ್ಲಿ ಇಬ್ಬರು ಹುಡುಗರು ಲೋಲಕವನ್ನು ತೂಗುಬಿಟ್ಟು ಅದರ ಓಲಾಟವನ್ನು ಕಂಪ್ಯೂಟರಿನ ಪರದೆಯ ಮೇಲೆ ಅಲೆಯಾಗಿ ನೋಡುತ್ತಿದ್ದರು. ಅದೇ ಪ್ರಯೋಗವನ್ನು ನಾವು ದಾರ, ಕಲ್ಲು ಮತ್ತು ನನ್ನ ಕೈಗಡಿಯಾರದಲ್ಲಿ ಮಾಡುತ್ತೇವೆ. ಉತ್ತರ ಒಂದೇ ಬರುತ್ತದೆ ಎಂದು ಮಕ್ಕಳಿಗೆ ಹೇಳುತ್ತೇನೆ.

ಪ್ರಾಧ್ಯಾಪಕಿಯ ಹೆಸರು ಇಲ್ಜೆ. ನರೆತ ಕೂದಲನ್ನು ಹಿಂದಕ್ಕೆ ಕಟ್ಟಿದ್ದರು. ರಾಜೇಸಾಬರು ತಂದೆಯೆಂದು ಹೇಳಿದಾಗ ಎದ್ದು ನಿಂತು ಕೈ ಕೊಟ್ಟರು. ವಿದ್ಯಾರ್ಥಿಯ ಅಂಕಗಳ ಬಗ್ಗೆ ಹೊರಗಿನವರೊಡನೆ ಮಾತಾಡಲು ನಿಯಮದಲ್ಲಿ ಅವಕಾಶವಿಲ್ಲ ಎಂದು ಮೊದಲೇ ಹೇಳಿದರು. ಆಮೇಲೆ ನನ್ನ ಹೆಸರು ಕೇಳಿ, ಸ್ವಲ್ಪ ಹೊತ್ತು ಕಂಪ್ಯೂಟರಿನಲ್ಲಿ ಹುಡುಕಿ, ಪರದೆಯನ್ನು ನನ್ನ ಕಡೆ ತಿರುಗಿಸಿದರು. ಅದು ನನ್ನ ಶಿಫಾರಸು ಪತ್ರ.

ಇದರ ಬಗ್ಗೆ ಮಾತಾಡಬಹುದು, ಇದು ನಿಮ್ಮದೇ ಎಂದರು. ದನಿಯಲ್ಲಿ ಬಿರುಸಿರಲಿಲ್ಲ. ಪತ್ರದಲ್ಲಿ ನಾನು, ಈಕೆ ಪ್ರೋಗ್ರಾಮಿಂಗಿನಲ್ಲಿ ನುರಿತವಳು, ಆರು ಸೆಮಿಸ್ಟರ್ ಪ್ರಯೋಗಾಲಯದಲ್ಲಿ ಅಭ್ಯಾಸ ಮಾಡಿದ್ದಾಳೆ, ಸಭೆಯ ಮುಂದೆ ಇಂಗ್ಲಿಷಿನಲ್ಲಿ ನಿರರ್ಗಳವಾಗಿ ಮಾತಾಡುತ್ತಾಳೆ ಎಂದು ಬರೆದಿದ್ದೆ. ಇಂಥ ಪತ್ರಗಳನ್ನು ನಾವೆಲ್ಲ ಹೀಗೆಯೇ ಬರೆಯುತ್ತೇವೆ. ಓದುವವರೂ ಅರ್ಧ ಕಳೆದೇ ಓದುತ್ತಾರೆ ಎಂದುಕೊಂಡಿದ್ದೆ.

ಇಲ್ಜೆ ಅರ್ಧ ಕಳೆದಿರಲಿಲ್ಲ. ಹೊರಗಿನಿಂದ ಬರುವ ಮಕ್ಕಳಿಗೆ ಅವರಲ್ಲಿ ಮೊದಲ ಸೆಮಿಸ್ಟರಿನಲ್ಲಿ ಪ್ರೋಗ್ರಾಮಿಂಗಿನ ಮೂಲ ಪಾಠವಿದೆ, ಮಾತಾಡುವ ಅಭ್ಯಾಸದ ತರಗತಿಯೂ ಇದೆ. ನನ್ನ ಪತ್ರ ನೋಡಿ ಶಾಹೀನಳಿಗೆ ಎರಡರಿಂದಲೂ ವಿನಾಯಿತಿ ಕೊಟ್ಟು ನೇರ ಮೇಲಿನ ತರಗತಿಗೆ ಕೂರಿಸಿದ್ದರು. ಅವಳಿಗೆ ಅನುಕೂಲವಾಗಲಿ ಎಂದು ಮಾಡಿದೆವು ಎಂದರು ಇಲ್ಜೆ. ಇನ್ನೊಂದು ಮಾತನ್ನೂ ಹೇಳಿದರು: ಈ ವಾರ ಮುಗಿಯುವುದರೊಳಗೆ ಶಾಹೀನ್ ತಾನೇ ಒಂದು ಮನವಿ ಬರೆದು ಕೊಟ್ಟರೆ, ಫೆಬ್ರವರಿಯಲ್ಲಿ ಮೂಲ ಪಾಠದಿಂದ ಮತ್ತೆ ಶುರು ಮಾಡಲು ಬಿಡಬಹುದೇ ಎಂದು ಕಚೇರಿ ಯೋಚಿಸಬಹುದು. ಖಾತ್ರಿ ಇಲ್ಲ.

ರಾಜೇಸಾಬ ಇಷ್ಟು ಹೊತ್ತೂ ಮೊಣಕಾಲ ಮೇಲೆ ಟೋಪಿ ಇಟ್ಟುಕೊಂಡು ಒಮ್ಮೆ ಅವರ ಬಾಯಿ, ಒಮ್ಮೆ ನನ್ನ ಬಾಯಿ ನೋಡುತ್ತಿದ್ದರು. ಹೊರಗೆ ಬಂದ ಮೇಲೆ, "ಏನಂದ್ರರಿ ಅವರು?" ಎಂದು ಕೇಳಿದರು.

ಇಲ್ಲಿಯ ಓದು ಭಾರಿ ಕಠಿಣ, ಅವಳಿಗೆ ನಿಭಾಯಿಸಲು ಆಗಲಿಲ್ಲ, ಮನವಿ ಬರೆದರೆ ಇನ್ನೊಂದು ಅವಕಾಶ ಸಿಗಬಹುದು ಎಂದೆ. ಪತ್ರದ ಮಾತು ಎತ್ತಲಿಲ್ಲ.

"ಅಷ್ಟ ಏನ್ರಿ?"

"ಅಷ್ಟ."

ಅವರು ತಲೆಯಾಡಿಸಿ ಟೋಪಿ ಹಾಕಿಕೊಂಡರು. ಆ ಹೊತ್ತಿನಲ್ಲಿ ನನಗೆ ಹಗುರವೆನಿಸಿತ್ತು ಎಂಬುದನ್ನು ಬರೆಯಲೇಬೇಕು.

ದೌಗಾವಾ ನದಿಯ ಆಚೆ

ಅಲ್ಲಿಂದಲೇ ರಾಜೇಸಾಬ ಮಗಳಿಗೆ ಫೋನ್ ಮಾಡಿದರು. ನಾನು ರೀಗಾದಲ್ಲಿದ್ದೇನೆ ಎಂದರು. ಫೋನ್ ಕಟ್ಟಾಗಿದೆಯೇನೋ ಎಂದು ಅವರು ಎರಡು ಸಲ ಕಿವಿಯಿಂದ ತೆಗೆದು ನೋಡಿದರು. ಆಮೇಲೆ ಶಾಹೀನ್ ಒಂದು ವಿಳಾಸ ಕಳಿಸಿದಳು.

ದೌಗಾವಾ ಬಹಳ ಅಗಲದ ನದಿ. ಸೇತುವೆ ದಾಟುವಾಗ ರಾಜೇಸಾಬ, ನಮ್ಮ ಮಲಪ್ರಭಾ ಡ್ಯಾಮು ತುಂಬಿದಾಗ ಹೀಗೆಯೇ ಕಾಣುತ್ತದೆ ಎಂದರು. ಹೌದು ಎಂದೆ. ಆದರೆ ನಮ್ಮ ನೀರು ತುಂಬಿದಾಗ ನೋಡಲು ಜನ ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಈ ನೀರು ಸೀಸದ ಬಣ್ಣದ್ದು, ದಂಡೆಯಲ್ಲಿ ಒಬ್ಬರೂ ಇರಲಿಲ್ಲ.

ಹೋಟೆಲುಗಳ ಬಟ್ಟೆ ತೊಳೆಯುವ ಕಾರ್ಖಾನೆಯ ಹಿಂಬಾಗಿಲಿನಿಂದ ಅವಳು ಬಂದಳು. ನೀಲಿ ಮೇಲಂಗಿ, ತಲೆಗೆ ಬಿಗಿದ ಸ್ಕಾರ್ಫು. ಕೈಗಳ ಚರ್ಮ ಬಿಸಿ ಆವಿಗೆ ಕೆಂಪಾಗಿ ಬಿರಿದಿತ್ತು. ತಂದೆಯನ್ನು ನೋಡಿದ್ದೇ ಹತ್ತು ಹೆಜ್ಜೆ ದೂರದಲ್ಲಿ ನಿಂತಳು. ರಾಜೇಸಾಬರೇ ನಡೆದುಹೋಗಿ ಅವಳ ಎರಡೂ ಕೈ ಹಿಡಿದು, ಮೊದಲು ಅಂಗೈ, ಆಮೇಲೆ ಹಿಂಗೈ ನೋಡಿದರು. ಇಬ್ಬರೂ ತಮ್ಮ ಉರ್ದುವಿನಲ್ಲಿ ಏನೋ ಮಾತಾಡಿಕೊಂಡರು. ನಾನು ತುಸು ದೂರದಲ್ಲಿ ನಿಂತೆ.

ಹತ್ತಿರದ ಬೇಕರಿಯಲ್ಲಿ ಕುಂತೆವು. ಕಪ್ಪು ರೊಟ್ಟಿ, ಗಡ್ಡೆಯ ಸೂಪು. ಅವಳು ಕನ್ನಡಕ್ಕೆ ಬಂದದ್ದು ನನಗಾಗಿ. ಥಿಯರಿಯಲ್ಲಿ ತೊಂದರೆ ಇರಲಿಲ್ಲವಂತೆ. ಮೊದಲ ತಿಂಗಳು ಅವಳ ಲೆಕ್ಕದ ಹಾಳೆಗಳನ್ನು ಇತರ ಮಕ್ಕಳು ಕೇಳಿ ಪಡೆದು ನೋಡುತ್ತಿದ್ದರಂತೆ. ತೊಂದರೆ ಪ್ರೋಗ್ರಾಮಿಂಗಿನಲ್ಲಿ. ಮೊದಲ ದಿನ ಎಲ್ಲರೂ ಟೈಪು ಮಾಡುತ್ತಿದ್ದಾಗ ಇವಳು ಫೈಲು ಎಲ್ಲಿ ತೆರೆಯಬೇಕೆಂದು ಹುಡುಕುತ್ತಿದ್ದಳು. ಕೇಳಲು ನಾಚಿಕೆಯಾಯಿತು.

"ಸರ, ನಾ ಏನ ಬರದ್ರೂ ಕೆಂಪ ಅಕ್ಷರದಾಗ ತಪ್ಪ ಅಂತ ಬರತಿತ್ತು," ಎಂದಳು. "ನೀವು ಕಲಿಸಿದ್ದನ್ನ ನೆನಪ ಮಾಡಕೊತಿದ್ದೆ. ಬೋರ್ಡಿನ ಮ್ಯಾಲ ಒಮ್ಮೆನೂ ತಪ್ಪ ಬರತಿರಲಿಲ್ಲಲ್ರಿ. ಹಂಗಾರ ತಪ್ಪ ನಂದ ಅದ ಅನಕೊಂಡೆ."

ಅವಳು ನನ್ನನ್ನು ದೂರುತ್ತಿರಲಿಲ್ಲ, ಆದದ್ದನ್ನು ಹೇಳುತ್ತಿದ್ದಳು. ಮಾರ್ಚ್‌ನಲ್ಲಿ ಹನ್ನೆರಡು ಮಂದಿಯ ಮುಂದೆ ನಿಂತು ತನ್ನ ಕೆಲಸದ ಬಗ್ಗೆ ಹದಿನೈದು ನಿಮಿಷ ಮಾತಾಡಬೇಕಿತ್ತು. ಎದ್ದು ನಿಂತಳು. ಗಂಟಲಿನಿಂದ ದನಿ ಹೊರಡಲಿಲ್ಲ. ಒಬ್ಬರೂ ನಗಲಿಲ್ಲ, ಎಲ್ಲರೂ ಕಾದರು. ಅವರು ಕಾದದ್ದೇ ತಡೆಯಲಾಗಲಿಲ್ಲ ಎಂದಳು. ಚೀಲ ತೆಗೆದುಕೊಂಡು ಹೊರಟವಳು ತಿರುಗಿ ಹೋಗಲಿಲ್ಲ. ಬೇರೆಯವರಿಗೆಲ್ಲ ಮೊದಲು ಒಂದು ಸಣ್ಣ ತರಗತಿ ಇತ್ತಂತೆ, ನನ್ನನ್ನು ಯಾಕೆ ಅಲ್ಲಿ ಕೂರಿಸಲಿಲ್ಲವೋ ತಿಳಿಯದು ಎಂದು ಸೂಪಿನ ಬಟ್ಟಲು ನೋಡುತ್ತ ಹೇಳಿದಳು.

ಆಗ ನಾನು ಹೇಳಿದೆ. ಪತ್ರದಲ್ಲಿ ಏನು ಬರೆದಿದ್ದೆ, ಅದರಿಂದ ಏನಾಯಿತು, ಬೆಳಿಗ್ಗೆ ಇಲ್ಜೆ ಏನು ತೋರಿಸಿದರು, ಎಲ್ಲ. ಹೇಳುವಾಗ ನನ್ನ ಕೈ ಮೇಜಿನ ಮೇಲಿನ ರೊಟ್ಟಿಯನ್ನು ಪುಡಿ ಮಾಡುತ್ತಿತ್ತು. ಶಾಹೀನ್ ತಲೆ ಎತ್ತಲಿಲ್ಲ. ಮಾತಾಡಿದವರು ರಾಜೇಸಾಬ.

"ಪತ್ರ ನೀವು ಪ್ರೀತಿಲೆ ಬರದೀರಿ. ಅದಕ್ಕ ನಾ ಏನೂ ಅನ್ನೂದಿಲ್ಲ," ಎಂದರು. "ಆದ್ರ ಮುಂಜಾನೆ ನಾ ನಿಮ್ಮ ಬಾಯಿಲೇನ ಕೇಳಾಕ ಹತ್ತಿದ್ದೆ ಸರ. ನನಗ ಅಲ್ಲಿ ಬ್ಯಾರೆ ಕಿವಿ ಇರಲಿಲ್ಲ."

ನಾನು ಮೇಜಿನ ಮೇಲೆ ಉದುರಿದ್ದ ರೊಟ್ಟಿಯ ಪುಡಿಯನ್ನು ಅಂಗೈಗೆ ಗುಡಿಸಿಕೊಂಡೆ.

ಕಾದ ದಿನಗಳು

ಮನವಿಯನ್ನು ನಾನು ಬರೆದುಕೊಡುತ್ತೇನೆ ಎಂದೆ. ಶಾಹೀನ್ ಬೇಡವೆಂದಳು. ನಮ್ಮ ಕೋಣೆಗೆ ಬಂದು, ಕಿಟಕಿಯ ಬಳಿ ಕುಂತು, ಎರಡು ದಿನ ಬರೆದಳು. ಒಡತಿ ಮುದುಕಿ ಕೇಳದೆಯೇ ಅವಳ ಪಕ್ಕ ಒಂದು ದೀಪ ತಂದಿಟ್ಟಳು. ಬರೆದದ್ದನ್ನು ನನಗೆ ತೋರಿಸಲಿಲ್ಲ. ಒಂದೇ ಒಂದು ಸಲ, ಒಂದು ಪದದ ಸ್ಪೆಲ್ಲಿಂಗ್ ಕೇಳಿದಳು. ಹೇಳಿದೆ. ಅವಳು ಫೋನಿನಲ್ಲಿ ಮತ್ತೆ ನೋಡಿ ಖಾತ್ರಿ ಮಾಡಿಕೊಂಡಳು.

ಆ ದಿನಗಳಲ್ಲಿ ನಾನು ಒಬ್ಬನೇ ಹಳೆಯ ಪೇಟೆಯಲ್ಲಿ ತಿರುಗಿದೆ. ನನ್ನ ಹೆಂಡತಿಯ ತವರು ಕಿತ್ತೂರು. ಅಲ್ಲಿಯ ಕೋಟೆಯಲ್ಲಿ ಬಿದ್ದ ಗೋಡೆ ಬಿದ್ದಲ್ಲೇ ಇದೆ, ಬಿಸಿಲಲ್ಲಿ ನಿಂತು ಇಲ್ಲಿ ಇದಿತ್ತು, ಅಲ್ಲಿ ಅದಿತ್ತು ಎಂದು ಮಕ್ಕಳಿಗೆ ತೋರಿಸುತ್ತೇವೆ. ಯುದ್ಧದಲ್ಲಿ ನೆಲಸಮವಾಗಿದ್ದ ರೀಗಾದ ಒಂದು ಕಟ್ಟಡವನ್ನು ಇಟ್ಟಿಗೆ ಇಟ್ಟಿಗೆಯಾಗಿ ಮತ್ತೆ ಕಟ್ಟಿ ನಿಲ್ಲಿಸಿದ್ದರು. ಹೊಸದೆಂದು ಯಾರೂ ಹೇಳಲಾರರು. ಬಹಳ ಹೊತ್ತು ಅದರ ಮುಂದೆ ನಿಂತೆ. ಅದು ನನಗೆ ಕಿತ್ತೂರಿಗಿಂತ ಹೆಚ್ಚು ದುಃಖದ್ದಾಗಿ ಕಂಡಿತು. ಯಾಕೆಂದು ಈಗಲೂ ಬಿಡಿಸಿ ಹೇಳಲಾರೆ. ಕಾಲು ಜಾರಿ ಒದ್ದೆ ಕಲ್ಲಿನ ಮೇಲೆ ಬಿದ್ದೆ. ಇಬ್ಬರು ಯುವಕರು ಬಂದು, ಎತ್ತಿ ನಿಲ್ಲಿಸಿ, ಕೋಟು ಕೊಡವಿ, ಒಂದೂ ಮಾತಾಡದೆ ಹೋದರು.

ಸಂಜೆ ತಂದೆ ಮಗಳು ಅಡುಗೆ ಮಾಡುತ್ತಿದ್ದರು. ನನಗೆ ತಟ್ಟೆಗೆ ಹಾಕಿ ಕೊಡುತ್ತಿದ್ದರು, ಸಾಕೇ ಎಂದು ಕೇಳುತ್ತಿದ್ದರು. ಆಮೇಲೆ ತಮ್ಮಿಬ್ಬರಲ್ಲೇ ಉರ್ದುವಿನಲ್ಲಿ ಮಾತಾಡುತ್ತಿದ್ದರು. ನನಗೆ ಅರ್ಧ ತಿಳಿಯುತ್ತಿತ್ತು: ಸವದತ್ತಿಯ ಓಣಿ, ತಮ್ಮನ ಶಾಲೆ, ಅಮ್ಮನ ಮೊಣಕಾಲ ನೋವು.

ಉತ್ತರ ಬಂದದ್ದು ಏಳನೆಯ ದಿನ. ಮನವಿ ಪ್ರಾಮಾಣಿಕವಾಗಿದೆ, ಆದರೆ ಗೈರುಹಾಜರಿಯ ಅವಧಿ ಮಿತಿ ಮೀರಿದೆ, ಪರವಾನಗಿ ಈ ತಿಂಗಳಿಗೆ ಮುಗಿಯುತ್ತದೆ, ಬೇಕಿದ್ದರೆ ಮುಂದಿನ ವರ್ಷ ಹೊಸದಾಗಿ ಅರ್ಜಿ ಹಾಕಬಹುದು ಎಂದಿತ್ತು. ಶಾಹೀನ್ ಅದನ್ನು ತಂದೆಗೆ ಓದಿ, ಒಂದೊಂದು ಸಾಲಿನ ಅರ್ಥವನ್ನೂ ಹೇಳಿದಳು. ಏನನ್ನೂ ಬಿಡಲಿಲ್ಲ. ಅವರು ಕೇಳಿ, ಅವಳ ತಲೆಯ ಮೇಲೆ ಕೈ ಇಟ್ಟು, ಅರಿವೆ ಕಟ್ಟಿಕೊಳ್ಳಲು ಹೇಳಿದರು. ಅವಳು ಅತ್ತದ್ದು ಕಾರ್ಖಾನೆಯ ಹೆಂಗಸರಿಗೆ ಹೇಳಿ ಬರಲು ಹೋದಾಗ. ಅವರಲ್ಲೊಬ್ಬಳು ಇವಳ ಕೈಗೆ ಹಚ್ಚಲೆಂದು ಒಂದು ಡಬ್ಬಿ ಮುಲಾಮು ಕೊಟ್ಟಳಂತೆ.

ಬರುವ ದಾರಿ

ಇಸ್ತಾಂಬುಲಿನಲ್ಲಿ ಅಧಿಕಾರಿಯೊಬ್ಬ ರಾಜೇಸಾಬರನ್ನು ತಡೆದು, ಅವರ ಚೀಲ ತೋರಿಸಿ ಏನೋ ಕೇಳಿದ. ನಾನು ಅವರ ಮಗ್ಗುಲಲ್ಲೇ ಇದ್ದೆ, ಬಾಯಿ ತೆರೆದೆ. ರಾಜೇಸಾಬ ನನ್ನ ಕಡೆ ನೋಡದೆ ಹಿಂದೆ ತಿರುಗಿ ಮಗಳನ್ನು ನೋಡಿದರು. ಅವಳು ಮುಂದೆ ಬಂದು ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಉತ್ತರ ಕೊಟ್ಟಳು. ನಡುವೆ ಒಮ್ಮೆ ತಡವರಿಸಿದಳು, ನಿಂತಳು, ಮತ್ತೆ ಹೇಳಿದಳು. ಅಧಿಕಾರಿ ಕಾದ. ಬಿಟ್ಟ.

ಬೆಳಗಾವಿಯಿಂದ ಸವದತ್ತಿಯ ಬಸ್ಸು ಹಿಡಿದೆವು. ನಾನು ನೇಸರಗಿಯಲ್ಲಿ ಇಳಿದು ಬೈಲಹೊಂಗಲದ ಬಸ್ಸು ಹತ್ತಬೇಕು. ಹತ್ತು ದಿನದ ಮೇಲೆ ನಮ್ಮ ಕಡೆಯ ಬಿಸಿಲು ಕಂಡಿದ್ದೆ, ಕಣ್ಣು ಕುಕ್ಕಿತು. ಬಸ್ಸಿನ ತುಂಬ ಮಾತು. ನಮ್ಮ ಮುಂದಿನ ಸೀಟಿನ ಹೆಂಗಸು ಸಿರಸಂಗಿಯವಳು, ತಿರುಗಿ ಕುಂತು ಎಲ್ಲಿಂದ ಬಂದಿರಿ ಎಂದು ಶಾಹೀನಳನ್ನು ಕೇಳಿದಳು. ದೂರದಿಂದ ಎಂದಳು ಶಾಹೀನ್.

ನೇಸರಗಿ ಹತ್ತಿರವಾದಾಗ ಅವಳು ನನ್ನ ಕಡೆ ತಿರುಗಿದಳು. ಬೇಕರಿಯ ಆ ದಿನದ ನಂತರ ಅವಳಾಗಿಯೇ ಊಟದ ಮಾತು, ಆ ಸ್ಪೆಲ್ಲಿಂಗ್ ಬಿಟ್ಟು ಬೇರೆ ಏನನ್ನೂ ನನ್ನನ್ನು ಕೇಳಿರಲಿಲ್ಲ.

"ಸರ, ಈಗ ಫಸ್ಟ್ ಇಯರ್ ಹುಡುಗ್ಯಾರಿಗೆ ಆ ಎರಡೂ ಸಬ್ಜೆಕ್ಟ್ ಯಾರ ತೊಗೊತಾರ್ರಿ?"

"ನಾನ ತೊಗೊತೇನಿ," ಎಂದೆ.

ಅವಳು ಹೂಂ ಎಂದು ಕಿಟಕಿಯ ಕಡೆ ನೋಡಿದಳು.

ಇಳಿದೆ. ರಾಜೇಸಾಬ ನನ್ನ ಚೀಲವನ್ನು ಕಿಟಕಿಯಿಂದ ಕೆಳಗೆ ಕೊಟ್ಟರು. ನಮ್ಮ ಸೀಮೆಯಲ್ಲಿ ದಾರಿಯಲ್ಲಿ ಸಿಕ್ಕ ಅಪರಿಚಿತನಿಗೂ ಒಮ್ಮೆ ಮನೆಗೆ ಬನ್ನಿ, ಚಹಾ ಕುಡಿದು ಹೋಗಿ ಎನ್ನದೆ ಬೀಳ್ಕೊಡುವುದಿಲ್ಲ. ಬರಲಿ ಬಿಡಲಿ, ಆ ಮಾತು ಬಾಯಿಂದ ಬಂದೇ ಬರುತ್ತದೆ. ಅವರ ಬಾಯಿಂದಲೂ ಬರಬಹುದು ಎಂದು ಕಿಟಕಿಯ ಕೆಳಗೆ ನಿಂತೆ.

"ನಿಮ್ಮ ಬಸ್ ಆ ಕಡೆ ನಿಂದ್ರತೈತ್ರಿ," ಎಂದರು. "ಹುಷಾರ ಹೋಗ್ರಿ."

ಅವರ ಬಸ್ಸು ಯರಗಟ್ಟಿಯ ಕಡೆ ಹೋಯಿತು. ನಾನು ರಸ್ತೆ ದಾಟಿ ನಿಂತೆ. ಮರುದಿನ ಹತ್ತು ಗಂಟೆಗೆ ಮೊದಲ ವರ್ಷದವರಿಗೆ ನನ್ನ ಕಮ್ಯುನಿಕೇಶನ್ ಸ್ಕಿಲ್ಸ್ ಪೀರಿಯಡ್ ಇತ್ತು.